ಚಾಲಕನ ಮಾತಿಗೆ ಬೆಲೆ ತೆರುವವರು ಯಾರು?

ಬೆಂಗಳೂರಿನ ಯಾವುದೇ ಮುಖ್ಯರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು. ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಸಾಗುವ ಸವಾರರು, ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತ ಮಾತಿನಲ್ಲಿ ಮುಳುಗಿರುವ ಕಾರು ಚಾಲಕರು ಕಣ್ಣಿಗೆ ಬೀಳುತ್ತಾರೆ. ಈ ದೃಶ್ಯಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೇವೆಂದರೆ, ಇದೊಂದು ಅಪರಾಧವೆಂಬುದೇ ಮರೆತುಹೋಗಿದೆ.

ಕಾನೂನಿನಲ್ಲಿ ಮಾತ್ರ ಗೊಂದಲವಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯು ಕೈಯಲ್ಲಿ ಹಿಡಿದ ಸಂವಹನ ಸಾಧನದ ಬಳಕೆಯನ್ನು 184ನೇ ಸೆಕ್ಷನ್ನಿನ ‘ಅಪಾಯಕಾರಿ ಚಾಲನೆ’ಯ ವ್ಯಾಪ್ತಿಗೆ ಸ್ಪಷ್ಟವಾಗಿ ತಂದಿತು. ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಗಮನಕ್ಕೆ ಭಂಗ ಬಾರದಂತೆ ದಾರಿ ನೋಡಿಕೊಳ್ಳಲು ಮಾತ್ರ ಮೊಬೈಲ್ ಬಳಸಲು 2020ರ ನಿಯಮಗಳು ಅವಕಾಶ ನೀಡಿವೆ.

ಆದರೆ ಕಾಯ್ದೆಯ ದೃಷ್ಟಿ ಇರುವುದು ಕೈಯ ಮೇಲೆ; ಅಪಾಯವಿರುವುದು ಮನಸ್ಸಿನಲ್ಲಿ. ಕೆನಡಾದ ಟೊರಾಂಟೊ ನಗರದಲ್ಲಿ ಅಪಘಾತಕ್ಕೆ ಸಿಲುಕಿದ್ದ 699 ಚಾಲಕರ ದೂರವಾಣಿ ದಾಖಲೆಗಳನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಫೋನ್ ಬಳಕೆಯ ವೇಳೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆಂದು ಕಂಡುಕೊಂಡಿತು. ಕೈ ಬಳಸದೆ ಮಾತನಾಡುವ ಸಾಧನಗಳಿಂದ ವಿಶೇಷ ಸುರಕ್ಷತೆಯೇನೂ ಕಂಡುಬರಲಿಲ್ಲ. ಇದರ ಕಾರಣ ಸರಳ. ಪಕ್ಕದಲ್ಲಿ ಕುಳಿತವರು ಎದುರಿಗೆ ಲಾರಿ ಬಂದರೆ ತಾವಾಗಿ ಮಾತು ನಿಲ್ಲಿಸುತ್ತಾರೆ. ಫೋನಿನ ಆ ತುದಿಯಲ್ಲಿರುವವರಿಗೆ ಲಾರಿ ಕಾಣುವುದಿಲ್ಲ. ಅವರು ಉತ್ತರಕ್ಕಾಗಿ ಒತ್ತಾಯಿಸುತ್ತಲೇ ಇರುತ್ತಾರೆ. ಸಂದೇಶ ಓದುವುದಂತೂ ಇನ್ನೂ ಘೋರ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಐದು ಸೆಕೆಂಡು ಕಣ್ಣು ಪರದೆಯ ಮೇಲಿದ್ದರೆ ವಾಹನ 80 ಮೀಟರಿಗೂ ಹೆಚ್ಚು ದೂರವನ್ನು ಕುರುಡಾಗಿ ಕ್ರಮಿಸಿರುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ‘ಬಾಹ್ಯ ವೆಚ್ಚ’ದ ಸಮಸ್ಯೆಯಾಗಿ ತೋರುತ್ತದೆ. ಕಾರ್ಖಾನೆಯ ಲಾಭ ಮಾಲೀಕನಿಗೆ, ಹೊಗೆ ಊರಿಗೆ ಎಂಬಂತೆ, ಇಲ್ಲಿ ಮಾತಿನ ಅನುಕೂಲ ಚಾಲಕನಿಗೆ, ಅದರ ಬೆಲೆ ಬಹುಪಾಲು ದಾರಿಹೋಕನಿಗೆ. ಕೇಂದ್ರ ಸರ್ಕಾರದ ಅಂಕಿಅಂಶದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚಿನವರು ಪಾದಚಾರಿಗಳು. ಇವರಲ್ಲಿ ಎಷ್ಟು ಜನ ಯಾರದೋ ಫೋನ್ ಸಂಭಾಷಣೆಗೆ ಬಲಿಯಾದರೆಂದು ಹೇಳುವವರಿಲ್ಲ. ತಾನು ಮಾತನಾಡುತ್ತಿದ್ದೆನೆಂದು ಯಾವ ಚಾಲಕನೂ ಒಪ್ಪಿಕೊಳ್ಳಲಾರ. ಪೊಲೀಸ್ ದಾಖಲೆಯಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಎಂಬ ಸಿದ್ಧ ಪದಪುಂಜ ಸೇರಿಕೊಳ್ಳುತ್ತದೆ.

ಬಾಹ್ಯ ವೆಚ್ಚವನ್ನು ತಪ್ಪಿತಸ್ಥನ ಲೆಕ್ಕಕ್ಕೆ ಹಾಕಲೆಂದೇ ದಂಡವಿರುವುದು. ಶಿಕ್ಷೆಯ ಉಗ್ರತೆಗಿಂತ ಅದರ ಖಚಿತತೆ ಮುಖ್ಯವೆಂದು ಇಟಲಿಯ ಚಿಂತಕ ಬೆಕ್ಕಾರಿಯಾ 1764ರಷ್ಟು ಹಿಂದೆಯೇ ವಾದಿಸಿದ್ದ. ನಾವು ಮಾಡಿದ್ದೇನು? 2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇಕಡ 50ರ ರಿಯಾಯಿತಿ ಘೋಷಿಸಿತು. 2025ರಲ್ಲೂ ಅದೇ ನಡೆಯಿತು. ಬೊಕ್ಕಸಕ್ಕೆ ಕೋಟಿಗಟ್ಟಲೆ ಹಣ ಬಂದದ್ದು ನಿಜ. ಬಾಕಿ ವಸೂಲಿಯ ಕಷ್ಟವನ್ನು ಬಲ್ಲ ನನ್ನಂಥವನಿಗೆ ಆ ಆಕರ್ಷಣೆ ಅರ್ಥವಾಗುತ್ತದೆ. ಆದರೆ ದಂಡಕ್ಕೂ ಆಷಾಢದ ಸೀರೆಗೂ ಒಂದೇ ಬಗೆಯ ರಿಯಾಯಿತಿ ಸಿಗುವುದಾದರೆ, ಕಾಯುವವನೇ ಜಾಣನೆಂಬ ಪಾಠವನ್ನು ಸರ್ಕಾರವೇ ಕಲಿಸಿದಂತಾಗುತ್ತದೆ. ಅಪಾಯಕಾರಿ ಚಾಲನೆಯನ್ನಾದರೂ ಇಂಥ ಔದಾರ್ಯದಿಂದ ಹೊರಗಿಡಬೇಕು.

ಇನ್ನೊಂದು ಹೊಣೆಯಿದೆ, ಅದು ಕರೆ ಮಾಡುವವರದು. ಮೊಬೈಲ್ ಬಂದ ಬಳಿಕ ನಮ್ಮ ಕಚೇರಿಗಳಲ್ಲಿ ಒಂದು ಹೊಸ ಸಂಪ್ರದಾಯ ಬೇರೂರಿದ್ದನ್ನು ಸೇವೆಯಲ್ಲಿದ್ದಾಗ ಕಂಡಿದ್ದೇನೆ. ಮೇಲಧಿಕಾರಿಯ ಕರೆಯನ್ನು ಎರಡನೇ ರಿಂಗಿಗೆ ತೆಗೆದುಕೊಳ್ಳದ ನೌಕರ ಕರ್ತವ್ಯಭ್ರಷ್ಟ! ಅವನು ಬೈಕಿನ ಮೇಲಿದ್ದಾನೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಇಂದು ಊಟ, ದಿನಸಿ ತಲುಪಿಸುವ ಯುವಕರ ಪಾಡು ಇದಕ್ಕಿಂತ ಕಠಿಣ. ಅವರ ಆದೇಶ, ದಾರಿ, ಸಂಪಾದನೆ ಎಲ್ಲವೂ ಮೊಬೈಲಿನಲ್ಲೇ ಇವೆ. ‘ಎಲ್ಲಿದ್ದೀರಿ, ಇನ್ನೆಷ್ಟು ಹೊತ್ತು?’ ಎಂದು ಸೋಫಾದ ಮೇಲೆ ಕುಳಿತು ಕೇಳುವವರು ನಾವೇ. ಹತ್ತು ನಿಮಿಷದ ನಮ್ಮ ಅವಸರಕ್ಕೆ ರಸ್ತೆಯ ಮೇಲೆ ಇನ್ನಾರೋ ಬೆಲೆ ತೆರುತ್ತಿದ್ದಾರೆ.

ಆದ್ದರಿಂದ ಸರ್ಕಾರಿ ಇಲಾಖೆಗಳೂ ಕಂಪೆನಿಗಳೂ ಚಾಲನೆಯಲ್ಲಿರುವ ನೌಕರರಿಂದ ಉತ್ತರ ನಿರೀಕ್ಷಿಸುವುದಿಲ್ಲವೆಂದು ಲಿಖಿತ ಆದೇಶ ಹೊರಡಿಸಲಿ. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಬೊಕ್ಕಸದ ಹಣವೂ ಬೇಕಿಲ್ಲ. ಉಳಿದಂತೆ ನಾವು ಮಾಡಬಹುದಾದದ್ದು ಇಷ್ಟೇ: ಯಾರಿಗೇ ಫೋನ್ ಮಾಡಿದರೂ ‘ಗಾಡಿ ಓಡಿಸುತ್ತಿದ್ದೀರಾ?’ ಎಂದು ಮೊದಲು ಕೇಳುವುದು, ಹೌದೆಂದರೆ ತಕ್ಷಣ ನಾವೇ ಕರೆ ಮುಗಿಸುವುದು.