ಗೂಡಿನ ನೂಲು, ಕ್ಯಾಸೆಟ್ಟಿನ ಸುರುಳಿ

ಶಿಡ್ಲಘಟ್ಟ ಹತ್ತಿರವಾಯಿತೆಂಬುದು ಬಸ್ಸಿನಲ್ಲಿ ತೂಕಡಿಸುತ್ತಿದ್ದವರಿಗೂ ತಿಳಿದುಬಿಡುತ್ತಿತ್ತು. ಬೆಂದ ರೇಷ್ಮೆಗೂಡಿನ ವಾಸನೆ ಮೊದಲು ಮೂಗಿಗೆ ಬಡಿಯುತ್ತಿತ್ತು. ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ದಿಬ್ಬೂರಹಳ್ಳಿ ಕಡೆಯಿಂದ ದಿನವೂ ಬೆಳಗಿನ ಬಸ್ಸಿಗೆ ಬರುತ್ತಿದ್ದ ನಮಗೆ ಅದು ಗಡಿಯಾರವಿದ್ದ ಹಾಗೆ. ವಾಸನೆಯ ಹಿಂದೆಯೇ ಹಾಡು ಬರುತ್ತಿತ್ತು. ಒಂದು ಓಣಿಯಲ್ಲಿ ತೆಲುಗು, ಪಕ್ಕದ್ದರಲ್ಲಿ ಹಿಂದಿ, ತಿರುವು ದಾಟಿದರೆ ಕನ್ನಡ. ನಾನು ಹೇಳುತ್ತಿರುವುದು 1988ರ ಮಾತು. ಬೇಸಿನ್ನು, ಒಲೆ, ತಕ್ಕಡಿಗಳ ಹಾಗೆಯೇ ಟೇಪ್ ರೆಕಾರ್ಡರ್ ಕೂಡ ಅಲ್ಲಿನ ನೂಲು ಬಿಚ್ಚುವ ಘಟಕಗಳ ಒಂದು ಉಪಕರಣವಾಗಿಬಿಟ್ಟಿದ್ದ ಕಾಲ ಅದು.

ಪಿಯುಸಿ ಫಲಿತಾಂಶ ನನ್ನ ಪರವಾಗಿ ಬರಲಿಲ್ಲ. ಮರುಪರೀಕ್ಷೆಯ ತನಕ ಇರಲಿ ಎಂದು ಅಂಥದೊಂದು ಘಟಕದಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿಕೊಂಡೆ. ಹಾಜರಿ, ಮುಂಗಡ, ಕೊಂಡ ಗೂಡಿನ ತೂಕ, ಇಳಿದ ನೂಲಿನ ತೂಕ, ಇವು ನನ್ನ ನಾಲ್ಕು ಪುಸ್ತಕಗಳು. ಸಂಬಳ ತಿಂಗಳಿಗೆ 350 ರೂಪಾಯಿ. ಮೊದಲ ತಿಂಗಳು 300 ಮನೆಗೆ ಕೊಟ್ಟು, ಉಳಿದದ್ದರಲ್ಲಿ ಒಂದು ಖಾಲಿ ಕ್ಯಾಸೆಟ್ ಕೊಂಡೆ. ನನ್ನ ವಯಸ್ಸಿನವರು ಈಗ ಮದುವೆ ಮನೆಗಳಲ್ಲಿ ಸೇರಿದಾಗ ಆ ಕಾಲದ ಹಾಡುಗಳ ಮಾತು ಬಂದೇ ಬರುತ್ತದೆ. ಅಂಥ ಹಾಡು ಇನ್ನು ಬರುವುದಿಲ್ಲ ಎಂಬ ನಿಟ್ಟುಸಿರೂ ಬರುತ್ತದೆ. ಹಾಡಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅವು ನಮ್ಮ ಕಿವಿಗೆ ಬಿದ್ದದ್ದು ಎಲ್ಲಿ, ಯಾರು ಏನು ಮಾಡುತ್ತಿದ್ದಾಗ ಎಂಬುದನ್ನು ಬಿಟ್ಟು ಬರಿಯ ಹಾಡನ್ನಷ್ಟೇ ನೆನೆಯುತ್ತೇವಲ್ಲ, ಅಲ್ಲಿ ಏನೋ ಲೆಕ್ಕ ತಪ್ಪುತ್ತದೆ.

ಅದಕ್ಕೂ ಹಿಂದೆ ನಮ್ಮ ಕಡೆಯ ಹಳ್ಳಿಗಳಲ್ಲಿ ಸಂಗೀತವೆಂದರೆ ಎರಡೇ. ಒಂದು, ಸಂಜೆಯ ಭಜನೆ. ಚಿಂತಾಮಣಿ ತಾಲ್ಲೂಕಿನ ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿ ಹೋದ ತತ್ತ್ವಪದಗಳಿಗೆ ಈ ಸೀಮೆಯಲ್ಲಿ ಭಾಷೆಯ ಗಡಿ ಇರಲಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗೂಡಿನ ವ್ಯಾಪಾರದಲ್ಲಿ ಉರ್ದು ಎಂಬ ಬಾಳಿಗೆ ಅದು ಹೊಂದುವಂಥದ್ದೇ. ಇನ್ನೊಂದು, ರೇಡಿಯೋ. 1957ರಲ್ಲಿ ಶುರುವಾದ ವಿವಿಧ ಭಾರತಿ, ಬೆಂಗಳೂರು ಆಕಾಶವಾಣಿಯ ಚಿತ್ರಗೀತೆಗಳು, ರಾತ್ರಿಯಾದರೆ ಅಲೆ ಅಲೆಯಾಗಿ ಬಂದು ಹೋಗುವ ಸಿಲೋನ್. ರೇಡಿಯೋದ ಗುಣವೇ ದೋಷವೂ ಆಗಿತ್ತು: ಅದು ಕೊಟ್ಟಾಗ ನಾವು ಕೇಳಬೇಕು. ಇಷ್ಟದ ಹಾಡು ಮುಗಿಯಿತೆಂದರೆ ಮತ್ತೆ ಯಾವಾಗಲೋ.

ಈ ಕಾಯುವಿಕೆಯನ್ನು ಮುರಿದದ್ದು ಕ್ಯಾಸೆಟ್. ಹಾಲೆಂಡಿನ ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲೇ ಹೊರತಂದಿದ್ದರೂ ನಮ್ಮ ಹಳ್ಳಿಗಳನ್ನು ಮುಟ್ಟಲು ಎರಡು ದಶಕ ಹಿಡಿಯಿತು. ಅಲ್ಲಿಯವರೆಗೆ ಮನೆಯಲ್ಲಿ ಬೇಕೆಂದ ಹಾಡು ಬೇಕೆಂದಾಗ ಕೇಳುವುದು ಗ್ರಾಮಫೋನ್ ತಟ್ಟೆ ಕೊಳ್ಳಬಲ್ಲವರ ಭಾಗ್ಯ, ಆ ತಟ್ಟೆಗಳ ವ್ಯಾಪಾರದಲ್ಲಿ ಎಚ್.ಎಂ.ವಿ.ಯದೇ ದರ್ಬಾರು. ಎಂಬತ್ತರ ದಶಕದಲ್ಲಿ ದೆಹಲಿಯ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್‌ನಂಥ ಕಂಪನಿಗಳು ಕ್ಯಾಸೆಟ್ಟನ್ನು ಕಿರಾಣಿ ಅಂಗಡಿಯ ಸರಕಾಗಿ ಮಾಡಿದವು. ಕನ್ನಡದಲ್ಲಿ ದಾರಿ ತೆರೆದದ್ದು ಸಿನಿಮಾ ಅಲ್ಲ, ಕವಿತೆ ಎಂಬುದು ಹೆಮ್ಮೆಯ ವಿಷಯ. 1978ರಲ್ಲಿ ಬಂದ ‘ನಿತ್ಯೋತ್ಸವ’ವನ್ನು ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎನ್ನುವುದುಂಟು, ಅದರ ಕವಿ ನಿಸಾರ್ ಅಹಮದ್ ನಮ್ಮ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದವರು. ಆಮೇಲೆ ಸಂಗೀತಾ, ಲಹರಿ ಕಂಪನಿಗಳ ಕಾಲ.

ಕಾನೂನಿನ ಪ್ರಕಾರ ಹೀಗೆ. ನಮ್ಮ ಪ್ರಕಾರ ಬೇರೆ. ಬಸ್ ನಿಲ್ದಾಣದ ಬಳಿಯ ಅಂಗಡಿಗೆ ಹೋಗಿ, ಬೇಕಾದ ಹಾಡುಗಳ ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಕೊಟ್ಟರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. 1984ರಲ್ಲೇ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದು ಇಂಥ ಕಳ್ಳಪ್ರತಿಗಳಿಗೆ ಶಿಕ್ಷೆ ಹೆಚ್ಚಿಸಲಾಗಿತ್ತು ಎಂಬುದು ಅಂಗಡಿಯವನಿಗೂ ಗೊತ್ತಿದ್ದಂತಿರಲಿಲ್ಲ, ನನಗಂತೂ ಗೊತ್ತಿರಲಿಲ್ಲ. ಪಟ್ಟಿ ತಯಾರಿಸುವುದು ದೊಡ್ಡ ಚಿಂತನೆಯ ಕೆಲಸ. ಒಂದು ಬದಿಗೆ 30 ನಿಮಿಷ, ಆರೋ ಏಳೋ ಹಾಡು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲಿ ನಾಲ್ಕು ರಾತ್ರಿ ಕಳೆದಿದ್ದೆ.

ಆ ಪಟ್ಟಿಯಲ್ಲಿ ಇದ್ದದ್ದೇ ನಮ್ಮ ಪಾಪ್ ಸಂಗೀತ. ಪಾಪ್ ಎಂದರೆ ಇಂಗ್ಲಿಷ್ ಹಾಡು, ಗಿಟಾರು, ಉದ್ದ ಕೂದಲು ಎಂದು ಬೆಂಗಳೂರಿನವರು ತಿಳಿದಿದ್ದರೆ ತಿಳಿಯಲಿ. ಹರೆಯದವರಿಗಾಗಿ ಮಾಡಿದ, ಹರೆಯದವರು ಕೊಳ್ಳುವ, ಒಂದು ಋತುವಿನಲ್ಲಿ ಊರೆಲ್ಲ ಗುನುಗುವ ಹಾಡು ಎಂಬುದು ಅದರ ಅರ್ಥವಾದರೆ ನಮಗೆ ಅದು ಸಿನಿಮಾ ಮೂಲಕವೇ ಬಂತು. ಬೆಂಗಳೂರಿನ ಸುತ್ತು ಬಳಸು ದಾರಿಯೂ ಅದಕ್ಕಿತ್ತು. ಆ ನಗರದಲ್ಲಿ ಹುಟ್ಟಿ, ಅಲ್ಲೇ ಹುಡುಗರ ಬ್ಯಾಂಡ್ ಕಟ್ಟಿ, ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದ ಬಿದ್ದು ಅಪ್ಪಯ್ಯ ಎಂಬ ಕೊಡಗಿನ ಮೂಲದ ಯುವಕ 1974ರಲ್ಲಿ ನಿರ್ಮಿಸಿದ ‘ಕುಂಗ್ ಫೂ ಫೈಟಿಂಗ್’ ಬ್ರಿಟನ್ ಮತ್ತು ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಅದೇ ಬಿದ್ದು 1980ರ ‘ಕುರ್ಬಾನಿ’ ಚಿತ್ರಕ್ಕೆ ಒಂದು ಹಾಡು ಮಾಡಿಕೊಟ್ಟರು. ಹಾಡಿದವಳು ನಾಜಿಯಾ ಹಸನ್ ಎಂಬ ಹದಿನೈದರ ಹುಡುಗಿ. ಆ ಡಿಸ್ಕೋ ತಾಳ ಮುಂದೆ ದೇಶದ ಸ್ಟುಡಿಯೋಗಳನ್ನೆಲ್ಲ ಹೊಕ್ಕಿತು. ಶಿಡ್ಲಘಟ್ಟದ ಓಣಿಗಳಲ್ಲಿ ಆ ಹಾಡು ಏಳೆಂಟು ವರ್ಷ ಕಳೆದರೂ ಹಳತಾಗಿರಲಿಲ್ಲ. ಅದರ ಹಿಂದೆ ಬೆಂಗಳೂರಿನವರೊಬ್ಬರಿದ್ದಾರೆಂದು ನನಗೆ ತಿಳಿದದ್ದು ತಲೆ ನರೆತ ಮೇಲೆ.

ತೆಲುಗು, ಕನ್ನಡ ಎರಡಕ್ಕೂ ಸಲ್ಲುತ್ತಿದ್ದ ಧ್ವನಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದು. 1980ರ ‘ಶಂಕರಾಭರಣಂ’ ನಮ್ಮ ಅಪ್ಪನ ತಲೆಮಾರನ್ನು ಹಿಡಿದರೆ, 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಮಾಡಿದ ಹಾಡುಗಳು ನಮ್ಮ ಅಣ್ಣಂದಿರನ್ನು ಹಿಡಿದವು. ನಮ್ಮನ್ನು ಹಿಡಿದದ್ದು 1987ರ ‘ಪ್ರೇಮಲೋಕ’. ರವಿಚಂದ್ರನ್ ಅವರ ಸಿನಿಮಾ, ಹಂಸಲೇಖ ಅವರ ಮಾತು ಮತ್ತು ರಾಗ, ಲಹರಿಯ ಕ್ಯಾಸೆಟ್. ಹಾಡುಗಳಲ್ಲಿ ಪಾತ್ರಗಳು ಮಾತಾಡುತ್ತಿದ್ದವು, ಜಗಳವಾಡುತ್ತಿದ್ದವು, ತಮಾಷೆ ಮಾಡುತ್ತಿದ್ದವು. ಪದ್ಯದ ಕನ್ನಡವಲ್ಲ, ಹುಡುಗರ ಕನ್ನಡ. ಹಿರಿಯರಿಗೆ ಅದೇ ಹಿಡಿಸಲಿಲ್ಲ. ನಮಗೆ ಅದೇ ಹಿಡಿಸಿತು. ಮೋಟಾರ್ ಬೈಕು, ಕಾಲೇಜಿನ ಅಂಗಳ, ಪುಸ್ತಕ ಎದೆಗವಚಿಕೊಂಡ ಹುಡುಗಿ. ಕಾಲೇಜಿನಿಂದ ಆಗಷ್ಟೇ ಹೊರಬಿದ್ದಿದ್ದ ನನಗೆ ಆ ಹಾಡು ಕೇಳುವಾಗ ಒಂದು ಥರದ ಉರಿಯೂ ಆಗುತ್ತಿತ್ತು.

ಇನ್ನು ಆ ಹಾಡುಗಳು ಕೇಳುತ್ತಿದ್ದ ಜಾಗದ ಮಾತು. ಗೂಡು ಹರಾಜಿನಲ್ಲಿ ಕೊಂಡು ತಂದದ್ದು, ತಡಮಾಡಿದರೆ ಒಳಗಿನ ಹುಳು ಪತಂಗವಾಗಿ ಗೂಡು ಕೊರೆದು ಬಂದುಬಿಡುತ್ತದೆ. ಹಾಗಾದರೆ ನೂಲು ತುಂಡು ತುಂಡು. ಆದ್ದರಿಂದ ಗೂಡು ಬೇಯಬೇಕು. ಕುದಿನೀರಿನಲ್ಲಿ ಗೂಡಿನ ಅಂಟು ಸಡಿಲವಾದ ಮೇಲೆ ಎಳೆಯ ತುದಿ ಹುಡುಕಿ, ಏಳೆಂಟು ಗೂಡಿನ ಎಳೆಗಳನ್ನು ಕೂಡಿಸಿ ಒಂದೇ ನೂಲಾಗಿ ರಾಟೆಗೆ ಸುತ್ತುವುದು. ನಮ್ಮ ಕಡೆಯ ಹಳದಿ ಮಿಶ್ರತಳಿಯ ಎಂಟು ಹತ್ತು ಕಿಲೋ ಗೂಡಿಗೆ ಒಂದು ಕಿಲೋ ನೂಲು. ಬೇಸಿನ್ನಿನ ಮುಂದೆ ಕೂತವರ, ಬಹುಪಾಲು ಹೆಂಗಸರ, ಬೆರಳು ಬೆಳಗಿನಿಂದ ಸಂಜೆಯವರೆಗೆ ಬಿಸಿನೀರಿನಲ್ಲಿ. ಬೆರಳ ತುದಿಯ ಚರ್ಮ ಬೆಳ್ಳಗೆ ಸುಕ್ಕಾಗಿ, ಆಮೇಲೆ ಒಡೆಯುತ್ತಿತ್ತು. ಊಟಕ್ಕೆ ಕೂತಾಗ ಸಾರು ಉರಿಯುತ್ತದೆಂದು ಬರಿ ಮುದ್ದೆ ನುಂಗುತ್ತಿದ್ದವರನ್ನು ಕಂಡಿದ್ದೇನೆ.

ರಾಗಿ ಬೀಸುವಾಗ, ನಾಟಿ ಹಾಕುವಾಗ ಹಾಡುತ್ತಿದ್ದ ಇದೇ ಹೆಂಗಸರು ಇಲ್ಲಿ ಹಾಡುತ್ತಿರಲಿಲ್ಲ. ಯಾಕೆ ಎಂದು ಬಹಳ ಯೋಚಿಸಿದ್ದೇನೆ. ಬೀಸುವ ಕಲ್ಲಿನ ಲಯ ಕೈಯದೇ ಲಯ. ಉಸಿರು ಬೇಕಾದಲ್ಲಿ ಕೈ ನಿಧಾನ ಮಾಡಬಹುದು, ಪದ ಅದರ ಜೊತೆ ನಡೆಯುತ್ತದೆ. ರಾಟೆಯ ವೇಗ ಕೈಯದಲ್ಲ. ರಾಟೆ ಓಡುತ್ತಲೇ ಇರುತ್ತದೆ, ಎಳೆ ಎಲ್ಲಿ ಯಾವಾಗ ತುಂಡಾಗುವುದೋ ತಿಳಿಯದು, ಕಣ್ಣು ಕೀಲಿಸಿರಬೇಕು. ಅಂಥ ಕೆಲಸದಿಂದ ಹಾಡು ಹುಟ್ಟುವುದಿಲ್ಲ, ಹೊರಗಿನಿಂದ ತರಬೇಕು. ಎರಡನೆಯ ಮಹಾಯುದ್ಧದಲ್ಲಿ, 1940ರ ಜೂನ್‌ನಲ್ಲಿ, ಬಿಬಿಸಿ ಕಾರ್ಖಾನೆಗಳಿಗಾಗಿಯೇ ದಿನಕ್ಕೆರಡು ಬಾರಿ ಅರ್ಧ ಅರ್ಧ ಗಂಟೆಯ ಸಂಗೀತ ಕಾರ್ಯಕ್ರಮ ಆರಂಭಿಸಿತ್ತು. ಕೈ ಸೋಲದಂತೆ ನೋಡಿಕೊಳ್ಳುವುದು ಅದರ ಉದ್ದೇಶ. ನಮ್ಮ ಮಾಲೀಕರು ಬಿಬಿಸಿಯ ಹೆಸರು ಕೇಳಿರಲಾರರು. ಆದರೆ ಮಧ್ಯಾಹ್ನ ಮೂರರ ಹೊತ್ತಿಗೆ ಕಣ್ಣೆಳೆಯುವಾಗ ಟೇಪಿನ ಸದ್ದು ಏರಿಸಬೇಕು, ಅದೂ ಕುಣಿತದ ಹಾಡೇ ಆಗಬೇಕು ಎಂಬುದು ಅವರಿಗೆ ಗೊತ್ತಿತ್ತು. ಹಾಡು ಇದ್ದರೆ ಮಾತು ಕಡಿಮೆ ಎಂಬುದೂ ಗೊತ್ತಿತ್ತು. ಕ್ಯಾಸೆಟ್ಟಿನ ಬದಿ ತಿರುಗಿಸುವುದು ನನ್ನ ಐದನೆಯ ಕೆಲಸವಾಯಿತು. ಹೊತ್ತನ್ನು ಅಲ್ಲಿ ಬದಿಗಳಲ್ಲಿ ಎಣಿಸುತ್ತಿದ್ದರು: ‘ಇನ್ನೊಂದು ಬದಿ ಆದರೆ ಟೀ.’

ಒಮ್ಮೆ ನನ್ನ ಕ್ಯಾಸೆಟ್ಟಿನ ಟೇಪು ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಬೇಸಿನ್ನಿನ ಹೆಂಗಸೊಬ್ಬಳು ಅದನ್ನು ಇಸಿದುಕೊಂಡು, ಎರಡು ತುದಿಗಳನ್ನು ಬೆರಳಲ್ಲೇ ಹುಡುಕಿ, ಉಗುರುಬಣ್ಣದ ಒಂದು ತೊಟ್ಟಿನಲ್ಲಿ ಅಂಟಿಸಿಕೊಟ್ಟಳು. ಅವಳಿಗೆ ಅದು ದಪ್ಪ ಹಗ್ಗ. ಲೆಕ್ಕದವನ ಚಾಳಿ, ಆ ದಿನ ಕೂತು ಗುಣಿಸಿದೆ. ಕ್ಯಾಸೆಟ್ಟಿನ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 60 ನಿಮಿಷದ ಕ್ಯಾಸೆಟ್ಟಿನ ಒಳಗೆ ಇರುವುದು ಸುಮಾರು 86 ಮೀಟರ್. ಒಂದು ಮಿಶ್ರತಳಿ ಗೂಡಿನ ಎಳೆ ಬಿಚ್ಚಿದರೆ ಸುಮಾರು 700 ಮೀಟರ್. ಎಂಟು ಕ್ಯಾಸೆಟ್ಟಿನಷ್ಟು ಉದ್ದ, ಹೆಬ್ಬೆರಳ ಗಾತ್ರದ ಒಂದು ಗೂಡಿನಲ್ಲಿ.

ಹಿತ್ತಲಿನ ಶೆಡ್ಡಿನಲ್ಲಿ ಹಳೆಯ ಕೈಚರಕಗಳಿದ್ದವು. ಬಿಚ್ಚುವವರು ಒಬ್ಬರು, ರಾಟೆ ತಿರುಗಿಸುವವರು ಇನ್ನೊಬ್ಬರು. ತಿರುಗಿಸಲು ಹುಡುಗರೇ. ಅವರಲ್ಲೊಬ್ಬನಿಗೆ ಹತ್ತು ಹನ್ನೊಂದು ವರ್ಷವಿರಬಹುದು. ಮನೆ ಮಾತು ತೆಲುಗು, ಕನ್ನಡ ಅಕ್ಷರ ಬಾರದು. ‘ಪ್ರೇಮಲೋಕ’ದ ಹಾಡುಗಳೆಲ್ಲ ಬಾಯಿಪಾಠ, ಗಂಡಿನ ಮಾತು ಹೆಣ್ಣಿನ ಮಾತು ಎರಡನ್ನೂ ದನಿ ಬದಲಿಸಿ ಒಪ್ಪಿಸುತ್ತಿದ್ದ. ಶಾಲೆಯ ಮೆಟ್ಟಿಲು ಹತ್ತದ ಹುಡುಗ ಕಾಲೇಜಿನ ಹುಡುಗನ ಪಾತ್ರ ಮಾಡುತ್ತಿದ್ದರೆ ನಾವೆಲ್ಲ ನಕ್ಕು ಚಪ್ಪಾಳೆ ಹೊಡೆಯುತ್ತಿದ್ದೆವು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. ಮುಂಗಡದ ಪುಸ್ತಕದಲ್ಲಿ ಅವನ ತಾಯಿಯ ಹೆಸರಿತ್ತು, ಎದುರಿಗೆ ಒಂದು ಮೊತ್ತ. ಅದು ತೀರುವವರೆಗೆ ಹುಡುಗ ಬರಬೇಕು. ತೀರುವ ಹೊತ್ತಿಗೆ ಹಬ್ಬವೋ ಜ್ವರವೋ ಬಂದು ಮೊತ್ತ ಮತ್ತೆ ಏರುತ್ತಿತ್ತು. ಏರಿಸಿ ಬರೆದದ್ದು ನನ್ನ ಕೈಬರಹ. ಬಾಲಕಾರ್ಮಿಕರ ಕಾಯಿದೆ 1986ರಲ್ಲೇ ಬಂದಿತ್ತು, ಜೀತವನ್ನು ರದ್ದುಪಡಿಸಿದ ಕಾಯಿದೆ 1976ರದು. ಎರಡನ್ನೂ ನಾನು ಪಿಯುಸಿ ಮರುಪರೀಕ್ಷೆಗೆ ಓದಿಕೊಂಡಿದ್ದೆ ಎಂಬುದನ್ನು ಹೇಳದೆ ಇರಲಾರೆ. ಓದಿದ್ದಕ್ಕೂ ಬರೆಯುತ್ತಿದ್ದದ್ದಕ್ಕೂ ಸಂಬಂಧವಿದೆ ಎಂದು ಆಗ ಹೊಳೆಯಲಿಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿದ್ದ ಮಕ್ಕಳ ಬಗ್ಗೆ ವರದಿ ಪ್ರಕಟಿಸಿತು, ಅದರಲ್ಲಿ ಕರ್ನಾಟಕವೂ ಇತ್ತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನನಗೆ ನೆನಪಾದದ್ದು ಕಾಯಿದೆಯಲ್ಲ, ಅವನ ದನಿ ಬದಲಿಸುವ ತಮಾಷೆ.

ಮರುಪರೀಕ್ಷೆ ಪಾಸಾಗಿ ನಾನು ಬೇರೆ ಊರಿನ ಬೇರೆ ನೌಕರಿಗೆ ಹೋದೆ. 2007ರಲ್ಲಿ ಕೋಲಾರ ಜಿಲ್ಲೆ ಒಡೆದು ಶಿಡ್ಲಘಟ್ಟ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಕ್ಯಾಸೆಟ್ ಹೋಗಿ ಸಿ.ಡಿ. ಬಂತು, ಅದೂ ಹೋಯಿತು. ಊರಿನಲ್ಲಿ ಈಗ ಸ್ವಯಂಚಾಲಿತ ಯಂತ್ರಗಳು ನೂಲು ಬಿಚ್ಚುತ್ತವೆ. 2016ರ ತಿದ್ದುಪಡಿಯ ನಂತರ, ಮನೆಯವರದೇ ಕಸುಬಿಗೆ ಶಾಲೆಯ ಹೊತ್ತಿನಾಚೆ ನೆರವಾಗುವಂಥ ಕೆಲವನ್ನು ಬಿಟ್ಟರೆ, 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಹಾಡು ಮೊಬೈಲಿನಲ್ಲಿದೆ, ಅವರವರ ಕಿವಿಗೆ ಅವರವರದು.

ಆ ಕ್ಯಾಸೆಟ್ ನನ್ನ ಬಳಿ ಇನ್ನೂ ಇದೆ, ನುಡಿಸಲು ಯಂತ್ರವಿಲ್ಲ. ಹೊದಿಕೆಯ ಮೇಲೆ ನೀಲಿ ಶಾಯಿಯಲ್ಲಿ ಹಾಡುಗಳ ಪಟ್ಟಿ, ಮುಂಗಡದ ಪುಸ್ತಕದಲ್ಲಿದ್ದ ಅದೇ ದುಂಡು ಅಕ್ಷರ. ಎರಡನೆಯ ಬದಿಯ ಕೊನೆಯ ಹಾಡು ಅರ್ಧಕ್ಕೇ ನಿಲ್ಲುತ್ತಿತ್ತು, ಟೇಪು ಮುಗಿದು ಹೋಗಿ. ಅಂಗಡಿಯವನು ಅಳತೆ ನೋಡಿರಲಿಲ್ಲ. ಹಿತ್ತಲಿನ ಹುಡುಗ ಆ ಹಾಡನ್ನು ಅಷ್ಟೇ ಎಂದು ತಿಳಿದಿದ್ದ. ಹಾಡುವಾಗಲೂ ಸಾಲಿನ ನಡುವೆ ಅಲ್ಲಿಗೆ ಸರಿಯಾಗಿ ನಿಲ್ಲಿಸಿ, ‘ಕಟ್’ ಎಂದು ಬಾಯಲ್ಲೇ ಗುಂಡಿ ಒತ್ತಿದ ಸದ್ದು ಮಾಡಿ, ಮತ್ತೆ ರಾಟೆ ತಿರುಗಿಸುತ್ತಿದ್ದ.