ಮಲಗುವುದು ಮಿದುಳು, ಎಚ್ಚರವಿರುವುದು ಯಂತ್ರ

ಕಳೆದ ಮಳೆಗಾಲದ ಒಂದು ಸಂಜೆ ನಮ್ಮ ಚಿಕಿತ್ಸಾಲಯಕ್ಕೆ ನಿವೃತ್ತ ಶಿಕ್ಷಕಿಯೊಬ್ಬರು ಬಂದರು. ವಯಸ್ಸು ಎಪ್ಪತ್ತು ದಾಟಿದೆ. ಆರು ವರ್ಷಗಳ ಹಿಂದೆ ಹೃದಯದ ಬಡಿತ ತೀರ ನಿಧಾನವಾಗಿ, ಎರಡು ಸಲ ಎಚ್ಚರ ತಪ್ಪಿ ಬಿದ್ದ ಮೇಲೆ, ಅವರ ಎಡ ಎದೆಯ ಮೇಲ್ಭಾಗದಲ್ಲಿ ಚರ್ಮದ ಅಡಿಗೆ ಪೇಸ್‌ಮೇಕರ್ ಇರಿಸಲಾಗಿತ್ತು. ಈಗ ಪಿತ್ತಕೋಶದಲ್ಲಿ ಕಲ್ಲುಗಳಾಗಿ, ಶಸ್ತ್ರಚಿಕಿತ್ಸೆಯೇ ಮಾರ್ಗವೆಂದು ಪಟ್ಟಣದ ವೈದ್ಯರು ತಿಳಿಸಿದ್ದರು. ಕುರ್ಚಿಯಲ್ಲಿ ಕುಳಿತು, ಸೆರಗು ಸರಿಪಡಿಸಿಕೊಂಡು, ಆ ತಾಯಿ ಮೆಲ್ಲನೆ ಕೇಳಿದರು: "ಡಾಕ್ಟರ್‌ರೀ, ಎಚ್ಚರ ತಪ್ಪಸೂ ಔಷಧ ಕೊಟ್ಟರ ನಾ ಮಲಗತೀನಿ. ಎದಿಯೊಳಗಿನ ಮಷೀನೂ ಮಲಗಿಬಿಟ್ಟರ ಹೆಂಗ್ರೀ?"

ಸುಮಾರು ನಾಲ್ಕು ದಶಕಗಳ ವೃತ್ತಿಜೀವನದಲ್ಲಿ ನಾವು ಕೇಳಿದ ಅತ್ಯಂತ ನೇರವಾದ ಪ್ರಶ್ನೆಗಳಲ್ಲಿ ಇದೂ ಒಂದು. "ಇಲ್ಲ ತಾಯಿ, ಯಂತ್ರ ಮಲಗುವುದಿಲ್ಲ" ಎಂದು ಉತ್ತರಿಸಿದೆವು. ಉತ್ತರ ಸರಿಯಾಗಿತ್ತು, ಆದರೆ ಪೂರ್ಣವಾಗಿರಲಿಲ್ಲ. ಆ ಕೊರತೆಯಲ್ಲಿ ನಮ್ಮದೇ ಒಂದು ತಪ್ಪೂ ಅಡಗಿತ್ತು. ಇಂದು ಪೇಸ್‌ಮೇಕರ್ ಧರಿಸಿದವರು ಹಳ್ಳಿಗಳಲ್ಲಿಯೂ ಕಾಣಸಿಗುತ್ತಾರೆ. ಅವರಿಗೂ ಅವರ ಮನೆಯವರಿಗೂ ಪ್ರಯೋಜನವಾಗಲೆಂದು ಈ ವಿಷಯವನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಮೊದಲು ಅರಿವಳಿಕೆಯ ವಿಚಾರ. ಶಸ್ತ್ರಕರ್ಮದ ನೋವನ್ನು ತಗ್ಗಿಸುವ ಚಿಂತೆ ವೈದ್ಯಶಾಸ್ತ್ರದಷ್ಟೇ ಹಳೆಯದು. ನೋವು ತಾಳಲಾರದ, ಮದ್ಯಪಾನದ ಅಭ್ಯಾಸವಿರುವ ರೋಗಿಗೆ ಶಸ್ತ್ರಕರ್ಮಕ್ಕೆ ಮೊದಲು ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದು ಸುಶ್ರುತಸಂಹಿತೆ ಹೇಳುತ್ತದೆ. ಆದರೆ ಮದ್ಯದ ಅಮಲು ಬೇರೆ, ಪೂರ್ಣ ಅರಿವಳಿಕೆ ಬೇರೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯರು ಈಥರ್ ಆವಿಯನ್ನು ರೋಗಿಗೆ ಉಸಿರಾಡಿಸಿದರು. ಜಾನ್ ವಾರೆನ್ ಎಂಬ ಶಸ್ತ್ರವೈದ್ಯರು ಆ ರೋಗಿಯ ಕತ್ತಿನ ಗೆಡ್ಡೆಗೆ ಎಲ್ಲರೆದುರು ಶಸ್ತ್ರಚಿಕಿತ್ಸೆ ಮಾಡಿದರು. ಆಧುನಿಕ ಅರಿವಳಿಕೆಯ ಇತಿಹಾಸವನ್ನು ಸಾಮಾನ್ಯವಾಗಿ ಆ ದಿನದಿಂದ ಎಣಿಸುತ್ತಾರೆ.

ಔಷಧ ಕೆಲಸ ಮಾಡಿತು. ಆದರೆ ಹೇಗೆ ಎಂಬುದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾನ್ಸ್ ಮೇಯರ್ ಮತ್ತು ಚಾರ್ಲ್ಸ್ ಓವರ್ಟನ್ ಎಂಬ ವಿಜ್ಞಾನಿಗಳು, ಒಬ್ಬರಿಂದೊಬ್ಬರು ಸ್ವತಂತ್ರವಾಗಿ, ಒಂದು ಸಂಗತಿಯನ್ನು ಗಮನಿಸಿದರು. ಆಲಿವ್ ಎಣ್ಣೆಯಲ್ಲಿ ಹೆಚ್ಚು ಕರಗುವ ಅರಿವಳಿಕೆ ಹೆಚ್ಚು ಪ್ರಬಲವಾಗಿರುತ್ತಿತ್ತು. ಜೀವಕೋಶದ ಪೊರೆಯೂ ಜಿಡ್ಡಿನಿಂದಲೇ ಆಗಿರುವುದರಿಂದ, ಅರಿವಳಿಕೆಯು ಆ ಜಿಡ್ಡಿನಲ್ಲಿ ಕರಗಿ ಪೊರೆಯನ್ನು ಸಡಿಲಿಸುತ್ತದೆ ಎಂಬ ನಂಬಿಕೆ ಬೆಳೆದು ಹಲವು ದಶಕಗಳ ಕಾಲ ನಿಂತಿತು.

ಆ ನಂಬಿಕೆಯನ್ನು ಅಲುಗಾಡಿಸಿದ್ದು ಮಿಂಚುಹುಳು. ಅದರ ಬೆಳಕಿಗೆ ಕಾರಣವಾದ ಲೂಸಿಫೆರೇಸ್ ಎಂಬ ಪ್ರೋಟೀನನ್ನು ಬೇರ್ಪಡಿಸಿ, ಜಿಡ್ಡಿನ ಅಂಶವೇ ಇಲ್ಲದಂತೆ ಮಾಡಿ, ಅದರ ಮೇಲೆ ಅರಿವಳಿಕೆಗಳನ್ನು ಪ್ರಯೋಗಿಸಿದವರು ಲಂಡನ್ನಿನ ನಿಕೊಲಸ್ ಫ್ರಾಂಕ್ಸ್ ಮತ್ತು ವಿಲಿಯಂ ಲೀಬ್. ಪ್ರಾಣಿಗಳ ಎಚ್ಚರ ತಪ್ಪಿಸುವಷ್ಟೇ ಪ್ರಮಾಣದ ಔಷಧದಿಂದ ಆ ಪ್ರೋಟೀನಿನ ಕೆಲಸವೂ ಕುಂದಿತು. 1984ರಲ್ಲಿ ಪ್ರಕಟವಾದ ಈ ಸಂಶೋಧನೆಯು, ಅರಿವಳಿಕೆಯ ಗುರಿ ಜಿಡ್ಡಲ್ಲ, ಪ್ರೋಟೀನ್ ಇರಬಹುದೆಂದು ತೋರಿಸಿತು. ಅಲ್ಲಿಂದ ಮುಂದೆ ಸಂಶೋಧಕರ ದೃಷ್ಟಿ ಜೀವಕೋಶದ ಪೊರೆಯಲ್ಲಿ ನೆಲೆಸಿರುವ ವಿಶೇಷ ಪ್ರೋಟೀನುಗಳ ಕಡೆಗೆ ಬಲವಾಗಿ ಹೊರಳಿತು. ವೈದ್ಯಭಾಷೆಯಲ್ಲಿ ರಿಸೆಪ್ಟರ್ ಎನ್ನುವ ಇವನ್ನು ಕನ್ನಡದಲ್ಲಿ ಗ್ರಾಹಕಗಳು ಎನ್ನುತ್ತೇವೆ. ಗ್ರಾಹಕವು ಬಾಗಿಲಿಗಿರುವ ಬೀಗದಂತೆ. ತಕ್ಕ ಬೀಗದ ಕೈ ಬಂದಾಗ ಮಾತ್ರ ಅದು ತೆರೆದುಕೊಳ್ಳುತ್ತದೆ.

ನಮ್ಮ ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ. ನರಕೋಶಗಳ ಆವೇಗವನ್ನು ತಗ್ಗಿಸಿ ಶಾಂತಗೊಳಿಸುವುದು ಇದರ ಕೆಲಸ. ಇದನ್ನು ಸ್ವೀಕರಿಸುವ ಗಾಬಾ-ಎ ಗ್ರಾಹಕವು ಐದು ಪ್ರೋಟೀನ್ ಘಟಕಗಳು ವೃತ್ತಾಕಾರವಾಗಿ ಕೂಡಿ ಆದದ್ದು. ನಡುವೆ ಒಂದು ಸಣ್ಣ ನಾಳವಿದೆ. ಗಾಬಾ ಬಂದು ಕುಳಿತಾಗ ನಾಳ ತೆರೆದು ಕ್ಲೋರೈಡ್ ಕಣಗಳು ಒಳಗೆ ಹರಿಯುತ್ತವೆ, ನರಕೋಶ ಸುಮ್ಮನಾಗುತ್ತದೆ. ಇಂದು ಶಸ್ತ್ರಚಿಕಿತ್ಸೆಗಳಲ್ಲಿ ಬಳಸುವ ಪ್ರೊಪೊಫಾಲ್, ಸೆವೊಫ್ಲುರೇನ್ ಮೊದಲಾದ ಔಷಧಗಳು ಈ ಗ್ರಾಹಕದ ಮೇಲೆ ಕುಳಿತು ಗಾಬಾದ ಕೆಲಸವನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಇದಕ್ಕೆ ಸ್ಪಷ್ಟವಾದ ಸಾಕ್ಷಿ ದೊರೆತದ್ದು 2003ರಲ್ಲಿ. ಈ ಗ್ರಾಹಕದ ಒಂದು ಘಟಕದಲ್ಲಿ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದ ಇಲಿಗಳ ಮೇಲೆ ಪ್ರೊಪೊಫಾಲ್‌ನ ಪರಿಣಾಮ ಬಹಳಷ್ಟು ಕುಂದಿತು. ಎಲ್ಲ ಅರಿವಳಿಕೆಗಳೂ ಇದೇ ದಾರಿ ಹಿಡಿಯುವುದಿಲ್ಲ. ಕೆಟಮಿನ್ ಎಂಬುದು ಎನ್‌ಎಮ್‌ಡಿಎ ಎಂಬ ಬೇರೆಯ ಗ್ರಾಹಕವನ್ನು ತಡೆಯುತ್ತದೆ. ಒಂದು ಭಾಗವನ್ನು ಮಾತ್ರ ಮರಗಟ್ಟಿಸುವ ಲಿಡೊಕೇನ್, ನರಗಳ ಸೋಡಿಯಂ ನಾಳಗಳನ್ನು ಮುಚ್ಚಿ ನೋವಿನ ಸಂದೇಶ ಮುಂದೆ ಹೋಗದಂತೆ ಮಾಡುತ್ತದೆ.

ಇನ್ನು ಪೇಸ್‌ಮೇಕರಿನ ವಿಚಾರ. ಪೂರ್ಣವಾಗಿ ದೇಹದೊಳಗೆ ಇರಿಸಿದ ಮೊದಲ ಪೇಸ್‌ಮೇಕರ್ 1958ರ ಅಕ್ಟೋಬರ್ 8ರಂದು ಸ್ವೀಡನ್ ದೇಶದಲ್ಲಿ ಆರ್ನೆ ಲಾರ್ಸನ್ ಎಂಬುವರಿಗೆ ದೊರೆಯಿತು. ಅದನ್ನು ರಚಿಸಿದ ತಂತ್ರಜ್ಞ ರೂನೆ ಎಲ್ಮ್‌ಕ್ವಿಸ್ಟ್, ಇರಿಸಿದ ಶಸ್ತ್ರವೈದ್ಯ ಓಕೆ ಸೆನ್ನಿಂಗ್. ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೂ ಅವರು ಎದೆಗುಂದಲಿಲ್ಲ. ಲಾರ್ಸನ್ನರು ತಮ್ಮ ಜೀವಮಾನದಲ್ಲಿ ಒಟ್ಟು 26 ಯಂತ್ರಗಳನ್ನು ಧರಿಸಿ, 2001ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಮ್ಮನ್ನು ಬದುಕಿಸಿದ ಆ ಇಬ್ಬರಿಗಿಂತಲೂ ಹೆಚ್ಚು ಕಾಲ ಅವರು ಬಾಳಿದರು.

ಇಂದಿನ ಪೇಸ್‌ಮೇಕರ್ ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ. ಒಳಗೆ ಬ್ಯಾಟರಿ ಮತ್ತು ಪುಟ್ಟ ವಿದ್ಯುನ್ಮಂಡಲ, ಅಲ್ಲಿಂದ ಹೃದಯದವರೆಗೆ ಒಂದೆರಡು ತಂತಿಗಳು. ಅದು ಎರಡು ಕೆಲಸ ಮಾಡುತ್ತದೆ. ಒಂದು, ಹೃದಯ ತಾನಾಗಿಯೇ ಬಡಿಯುತ್ತಿದೆಯೇ ಎಂದು ಆಲಿಸುವುದು. ಎರಡು, ಬಡಿತ ತಡವಾದಾಗ ಸಣ್ಣ ವಿದ್ಯುತ್ ಸ್ಪಂದನದಿಂದ ಹೃದಯವನ್ನು ಎಚ್ಚರಿಸುವುದು. ಹೃದಯ ಸರಿಯಾಗಿ ಬಡಿಯುತ್ತಿದ್ದರೆ ಅದು ಸುಮ್ಮನಿರುತ್ತದೆ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಯಂತ್ರದಲ್ಲಿ ಜೀವಕೋಶವಿಲ್ಲ, ಪೊರೆಯಿಲ್ಲ, ಗ್ರಾಹಕವಿಲ್ಲ. ಆದಕಾರಣ ಅರಿವಳಿಕೆ ಅದನ್ನು ಮಲಗಿಸಲಾರದು. ಅಷ್ಟೇ ಅಲ್ಲ, ಕೆಲವು ಅರಿವಳಿಕೆ ಮತ್ತು ನೋವುನಿವಾರಕ ಔಷಧಗಳು ಹೃದಯದ ಬಡಿತವನ್ನು ನಿಧಾನಗೊಳಿಸುತ್ತವೆ. ಡೆಕ್ಸ್‌ಮೆಡೆಟೊಮಿಡಿನ್, ಫೆಂಟನಿಲ್ ಮುಂತಾದವು ಈ ಗುಂಪಿನವು. ಆಗ ನಿಗದಿಪಡಿಸಿದ ಗತಿಗಿಂತ ಬಡಿತ ಕೆಳಗಿಳಿಯದಂತೆ ಕಾಯುವುದು ಅದೇ ಯಂತ್ರ. ಆದರೆ ಅದು ಕೊಟ್ಟ ಸಂಕೇತಕ್ಕೆ ಓಗೊಡಬೇಕಾದುದು ಹೃದಯದ ಸ್ನಾಯು. ರಕ್ತದಲ್ಲಿ ಪೊಟ್ಯಾಸಿಯಂ ವಿಪರೀತ ಏರಿದರೆ ಆ ಸ್ನಾಯು ಸಂಕೇತಕ್ಕೆ ಸುಲಭವಾಗಿ ಮಣಿಯದು. ಶಸ್ತ್ರಚಿಕಿತ್ಸೆಗೆ ಮೊದಲು ರಕ್ತಪರೀಕ್ಷೆ ಮಾಡಿಸುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಅಪಾಯವೇ ಇಲ್ಲವೇ? ಇದೆ, ಆದರೆ ಅದು ಮುಖ್ಯವಾಗಿ ಬೇರೆ ದಿಕ್ಕಿನಿಂದ ಬರುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ನಿಲ್ಲಿಸಲು ಕಾಟರಿ ಎಂಬ ವಿದ್ಯುತ್ ಉಪಕರಣದಿಂದ ಅಂಗಾಂಶವನ್ನು ಸುಡುತ್ತಾರೆ. ಆ ವಿದ್ಯುತ್ತಿನ ಗದ್ದಲವನ್ನು ಪೇಸ್‌ಮೇಕರ್ ಹೃದಯದ ಬಡಿತವೆಂದೇ ತಪ್ಪಾಗಿ ಆಲಿಸಬಹುದು. ಹೃದಯ ಚೆನ್ನಾಗಿ ಬಡಿಯುತ್ತಿದೆ ಎಂದು ತಿಳಿದು ಅದು ಸುಮ್ಮನಾದರೆ, ಯಂತ್ರವನ್ನೇ ಪೂರ್ಣವಾಗಿ ಅವಲಂಬಿಸಿರುವ ಹೃದಯ ಆ ಕ್ಷಣಗಳಲ್ಲಿ ಬಡಿಯದೆ ನಿಲ್ಲಬಹುದು. ಹೊಕ್ಕುಳಿಗಿಂತ ಮೇಲಿನ ಶಸ್ತ್ರಚಿಕಿತ್ಸೆಗಳಲ್ಲಿ ಈ ಸಂಭವ ಹೆಚ್ಚು, ಕೆಳಗಿನವುಗಳಲ್ಲಿ ಬಹಳ ಕಡಿಮೆ. ಪಿತ್ತಕೋಶವಿರುವುದು ಹೊಕ್ಕುಳಿಗಿಂತ ಮೇಲೆಯೇ.

ಇದಕ್ಕೆ ಪರಿಹಾರಗಳಿವೆ. ಕಾಟರಿಯನ್ನು ಬಿಟ್ಟುಬಿಟ್ಟು ಚಿಕ್ಕ ಅವಧಿಗಳಲ್ಲಿ ಬಳಸುವುದು, ವಿದ್ಯುತ್ ಹರಿಯುವ ದಾರಿ ಎದೆಯನ್ನು ಹಾಯದಂತೆ ಅದರ ಪಟ್ಟಿಯನ್ನು ತೊಡೆಗೆ ಅಂಟಿಸುವುದು, ಬೆರಳಿಗೆ ಹಾಕಿದ ಉಪಕರಣದಿಂದ ನಾಡಿಯನ್ನು ನಿರಂತರ ಗಮನಿಸುವುದು ಮುಖ್ಯವಾದವು. ಅಗತ್ಯವಿದ್ದರೆ ಯಂತ್ರ ಯಾವುದನ್ನೂ ಆಲಿಸದೆ ಒಂದೇ ಗತಿಯಲ್ಲಿ ಬಡಿಯುವಂತೆ ತಾತ್ಕಾಲಿಕವಾಗಿ ಬದಲಿಸುತ್ತಾರೆ. ಬಹುತೇಕ ಪೇಸ್‌ಮೇಕರುಗಳ ಮೇಲೆ ಅಯಸ್ಕಾಂತ ಇಟ್ಟರೆ ಈ ಬದಲಾವಣೆ ತಾನಾಗಿಯೇ ಆಗುತ್ತದೆ. ಆದರೆ ಅಪಾಯಕಾರಿ ಬಡಿತವನ್ನು ವಿದ್ಯುದಾಘಾತದಿಂದ ಸರಿಪಡಿಸುವ ಐಸಿಡಿ ಎಂಬ ಇನ್ನೊಂದು ಬಗೆಯ ಯಂತ್ರವಿದೆ. ಮನುಷ್ಯನ ದೇಹದಲ್ಲಿ ಇದನ್ನು ಮೊದಲು ಇರಿಸಿದ್ದು 1980ರಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ. ಇದರ ಮೇಲೆ ಅಯಸ್ಕಾಂತ ಇಟ್ಟರೆ ಸಾಮಾನ್ಯವಾಗಿ ಆಘಾತ ನೀಡುವ ಕೆಲಸ ಮಾತ್ರ ತಡೆಯುತ್ತದೆ, ಬಡಿತದ ಗತಿ ಬದಲಾಗುವುದಿಲ್ಲ. ಆದುದರಿಂದ ಎದೆಯಲ್ಲಿರುವುದು ಯಾವ ಯಂತ್ರವೆಂಬುದು ಅರಿವಳಿಕೆ ತಜ್ಞರಿಗೆ ಮೊದಲೇ ತಿಳಿದಿರಲೇಬೇಕು.

ಇಷ್ಟನ್ನೆಲ್ಲ ವಿಚಾರಿಸಿ ನಾವು ಪಟ್ಟಣದ ವೈದ್ಯರಿಗೆ ಒಂದು ಪತ್ರ ಬರೆದುಕೊಟ್ಟೆವು. ಯಂತ್ರ ಇರಿಸಿದ ವರ್ಷ, ಮಧುಮೇಹದ ಮಾತ್ರೆ, ರಕ್ತದೊತ್ತಡದ ಮಾತ್ರೆ ಎಲ್ಲವನ್ನೂ ನಮೂದಿಸಿದೆವು. ಮೂರನೆಯ ದಿನ ಅಲ್ಲಿನ ಅರಿವಳಿಕೆ ತಜ್ಞೆ ದೂರವಾಣಿ ಮಾಡಿದರು. ವಯಸ್ಸಿನಲ್ಲಿ ನಮ್ಮ ಮಗಳಷ್ಟು ಚಿಕ್ಕವರು. "ಸರ್, ಅಮ್ಮನವರು ರಾತ್ರಿ ನಿದ್ದೆಗೆ ಏನಾದರೂ ತಗೋತಿದ್ದಾರಾ? ಕೇಳಿದರೆ, ಅದೇನು ಔಷಧ ಅಲ್ಲ, ಆಯುರ್ವೇದದ್ದು ಅಂತಾರೆ" ಎಂದರು.

ನಾವು ಒಂದು ಕ್ಷಣ ಮೌನವಾದೆವು. ಎಂಟು ತಿಂಗಳಿಂದ ಆ ತಾಯಿಗೆ ತಗರ ಮತ್ತು ಅಶ್ವಗಂಧ ಸೇರಿದ ಚೂರ್ಣವನ್ನು ಕೊಡುತ್ತಿದ್ದವರು ನಾವೇ. ಪತ್ರದಲ್ಲಿ ಬೇರೆಯವರ ಔಷಧಗಳೆಲ್ಲ ಇದ್ದವು, ನಮ್ಮದು ಇರಲಿಲ್ಲ. ತಗರದ ಪಾಶ್ಚಾತ್ಯ ಬಳಗದ್ದಾದ ವ್ಯಾಲೇರಿಯನ್ ಬೇರಿನ ಒಂದು ಅಂಶವು ಅದೇ ಗಾಬಾ-ಎ ಗ್ರಾಹಕದ ಮೇಲೆ ವರ್ತಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ. ಅಶ್ವಗಂಧಕ್ಕೂ ಮಂಪರು ತರುವ ಗುಣವಿದೆ. ಮೊದಲೇ ಮಂಪರು ತುಂಬಿದ ಮಿದುಳಿಗೆ ಅರಿವಳಿಕೆ ಸೇರಿದರೆ ಎಚ್ಚರವಾಗುವುದು ತಡವಾಗಬಹುದು, ಉಸಿರಾಟ ಮಂದವಾಗಬಹುದು. ನಮ್ಮ ಔಷಧಕ್ಕೆ ಶಕ್ತಿಯಿದೆ ಎಂದು ಜೀವಮಾನವಿಡೀ ಹೇಳುತ್ತ ಬಂದ ನಾವೇ, ಅದನ್ನು ಪಟ್ಟಿಯಲ್ಲಿ ಬರೆಯುವಷ್ಟು ಲಕ್ಷ್ಯ ತೋರಲಿಲ್ಲ. ತಜ್ಞೆಗೆ ವಿಷಯ ತಿಳಿಸಿ, ತಪ್ಪು ಒಪ್ಪಿಕೊಂಡೆವು. ನೋವು ಆಗ ಹತೋಟಿಯಲ್ಲಿದ್ದುದರಿಂದ ಶಸ್ತ್ರಚಿಕಿತ್ಸೆಯನ್ನು ಎರಡು ವಾರ ಮುಂದೂಡಿದರು. ಚೂರ್ಣವನ್ನು ಒಮ್ಮೆಲೇ ಬಿಡಿಸದೆ ದಿನದಿನಕ್ಕೆ ಕಡಿಮೆ ಮಾಡುತ್ತ ನಿಲ್ಲಿಸಿದೆವು.

ಆಯುರ್ವೇದದ ಮೇಲಿನ ಅಭಿಮಾನದಿಂದಲೇ ನಾವು ಈ ಮಾತನ್ನು ಹೇಳುತ್ತಿದ್ದೇವೆ. ಗುಣ ಮಾಡಬಲ್ಲ ದ್ರವ್ಯಕ್ಕೆ ತೊಡಕು ಮಾಡುವ ಶಕ್ತಿಯೂ ಇರುತ್ತದೆ. ಬೆಳ್ಳುಳ್ಳಿ, ಶುಂಠಿ, ಅರಿಸಿನ, ಗುಗ್ಗುಲು ಇವುಗಳನ್ನು ಔಷಧದ ಪ್ರಮಾಣದಲ್ಲಿ ಸೇವಿಸುವವರಿಗೆ ರಕ್ತ ಹೆಪ್ಪುಗಟ್ಟುವುದು ತಡವಾಗಬಹುದು. ಅಡುಗೆಯ ಒಗ್ಗರಣೆಗೆ ಬೀಳುವ ಪ್ರಮಾಣಕ್ಕೆ ಹೆದರಬೇಕಿಲ್ಲ. ಮೂಲಿಕೆ ಔಷಧಗಳನ್ನು ಶಸ್ತ್ರಚಿಕಿತ್ಸೆಗೆ ಸುಮಾರು ಎರಡು ವಾರ ಮೊದಲು ನಿಲ್ಲಿಸುವುದು ಒಳಿತೆಂಬ ಸಲಹೆ ಅರಿವಳಿಕೆ ತಜ್ಞರಲ್ಲಿ ರೂಢಿಯಲ್ಲಿದೆ. ಆದರೆ ಯಾವುದನ್ನೂ ತಾವಾಗಿಯೇ ನಿಲ್ಲಿಸದೆ, ಕೊಟ್ಟ ವೈದ್ಯರನ್ನು ಕೇಳಿಯೇ ನಿಲ್ಲಿಸಬೇಕು.

ಎದೆಯಲ್ಲಿ ಯಂತ್ರವಿರುವ ಓದುಗರು ಕೆಲವು ಸಂಗತಿಗಳನ್ನು ಮನದಲ್ಲಿಡಬೇಕು. ಯಂತ್ರ ಇರಿಸಿದ ಆಸ್ಪತ್ರೆಯಲ್ಲಿ ಕೊಟ್ಟ ಗುರುತಿನ ಚೀಟಿ ಸದಾ ಜೊತೆಗಿರಲಿ. ಹಲ್ಲು ಕೀಳಿಸುವುದಿರಲಿ, ಕಣ್ಣಿನ ಪೊರೆ ತೆಗೆಸುವುದಿರಲಿ, ಮೊದಲು ಹೇಳಬೇಕಾದ ಮಾತು ಯಂತ್ರದ್ದೇ ಆಗಿರಲಿ. ಯೋಜಿತ ಶಸ್ತ್ರಚಿಕಿತ್ಸೆಗೆ ಹಿಂದಿನ 12 ತಿಂಗಳೊಳಗೆ ಪೇಸ್‌ಮೇಕರಿನ ತಪಾಸಣೆ ಆಗಿರಬೇಕು, ಐಸಿಡಿ ಆಗಿದ್ದರೆ 6 ತಿಂಗಳೊಳಗೆ. ಶಸ್ತ್ರಚಿಕಿತ್ಸೆಗಾಗಿ ಯಂತ್ರದ ಗತಿಯನ್ನು ಬದಲಿಸಿದ್ದರೆ, ಅದನ್ನು ಮರಳಿ ಸರಿಪಡಿಸಲಾಗಿದೆಯೇ ಎಂದು ಮನೆಗೆ ಹೊರಡುವ ಮೊದಲು ಕೇಳಿ ತಿಳಿಯಬೇಕು. ಸೇವಿಸುವ ಪ್ರತಿಯೊಂದು ಔಷಧವನ್ನೂ, ಕಷಾಯ, ಲೇಹ್ಯ, ಚೂರ್ಣ ಸಹಿತ, ಒಂದು ಹಾಳೆಯಲ್ಲಿ ಬರೆದು ಅರಿವಳಿಕೆ ತಜ್ಞರ ಕೈಗೆ ಕೊಡಬೇಕು.

ಆ ತಾಯಿಯ ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನೆರವೇರಿತು. ಹದಿನೈದು ದಿನಗಳ ತರುವಾಯ ಅವರು ಮೊಮ್ಮಗನೊಡನೆ ಬಂದು, ಯಂತ್ರದ ತಪಾಸಣೆಯ ಕಾಗದವನ್ನು ನಮ್ಮ ಮುಂದಿಟ್ಟರು. "ನಾ ಮಲಗಿದ್ದೆ, ಅದು ಮಲಗಿದ್ದಿಲ್ಲ ನೋಡ್ರೀ" ಎಂದು ನಕ್ಕರು. ಬಳಿಕ, ನಿದ್ದೆಯ ಚೂರ್ಣವನ್ನು ಮತ್ತೆ ಆರಂಭಿಸಬಹುದೇ ಎಂದು ಕೇಳಿದರು. ನಾವು ಮೊದಲು ಅವರ ಗುರುತಿನ ಚೀಟಿಯ ಹಿಂದೆ ಅದರ ಹೆಸರನ್ನು ಬರೆದೆವು, ಆಮೇಲೆ ಚೂರ್ಣವನ್ನು ಕೊಟ್ಟೆವು.