ನಿಮಗಿದು ಗೊತ್ತೇ? ಟೇಪಿನ ಕೊಕ್ಕೆ ಅಲ್ಲಾಡಲೇಬೇಕು!

ಬೆಳ್ಮಣ್ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸ ಸ್ಟೀಲ್ ಟೇಪು ಕೈಗೆತ್ತಿಕೊಳ್ಳಿ. ತುದಿಯ ಕೊಕ್ಕೆ ಲಟಲಟ ಅಲ್ಲಾಡುತ್ತದೆ. ‘ಲೂಸಾಗಿದೆ, ಬೇರೆ ಕೊಡಿ’ ಅನ್ನಬೇಡಿ! ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಕೊಕ್ಕೆ ಎಷ್ಟು ದಪ್ಪವೋ ಅಷ್ಟೇ ಅಲ್ಲಾಟ. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದರೆ ಹೊರಗೆ ಸರಿಯುತ್ತದೆ, ಗೋಡೆಗೆ ಒತ್ತಿದರೆ ಒಳಗೆ. ಹೇಗೆ ಅಳೆದರೂ ಸೊನ್ನೆ ಸೊನ್ನೆಯಲ್ಲೇ!

ಕೊಕ್ಕೆಯ ನಡುವೆ ಒಂದು ಸೀಳು ಕಾಣುತ್ತದೆಯಲ್ಲ? ಅದು ಮೊಳೆಯ ತಲೆಗೆ ಸಿಕ್ಕಿಸಲು. ಒಬ್ಬರೇ ಇದ್ದರೂ ಅಳತೆ ಮುಗಿಯಿತು, ಆ ತುದಿ ಹಿಡಿಯಲು ಯಾರನ್ನೂ ಕರೆಯಬೇಕಿಲ್ಲ!

ಎಳೆದ ಟೇಪನ್ನು ಬೇಕಾದಲ್ಲಿ ನಿಲ್ಲಿಸುವ ಸ್ಪ್ರಿಂಗ್ ಉಪಾಯಕ್ಕೆ ಅಮೆರಿಕದ ಆಲ್ವಿನ್ ಫೆಲೋಸ್ ಪೇಟೆಂಟ್ ಪಡೆದದ್ದು 1868ರ ಜುಲೈ 14ರಂದು.

‘ಐದು ಸೆಂಟ್ಸ್ ಜಾಗ ಉಂಟು’ ಅನ್ನುತ್ತೇವಲ್ಲ, ಆ ಸೆಂಟ್ಸಿನ ಹಿಂದೆ ಇರುವುದು ಒಂದು ಸರಪಳಿ! ಇಂಗ್ಲೆಂಡಿನ ಎಡ್ಮಂಡ್ ಗಂಟರ್ 1620ರಲ್ಲಿ ಮಾಡಿದ ಅಳತೆ ಸರಪಳಿಗೆ 100 ಕೊಂಡಿ, 66 ಅಡಿ ಉದ್ದ. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಸರಿಯಾಗಿ 10 ಸೆಂಟ್ಸ್. ಅರ್ಧ ಸರಪಳಿ ಉದ್ದ, ಅರ್ಧ ಸರಪಳಿ ಅಗಲ? ಅದೇ ಘಟ್ಟದ ಮೇಲಿನವರ ಗುಂಟೆ! ಹಾಗಾಗಿ ನಮ್ಮ 5 ಸೆಂಟ್ಸ್ ಅವರ 2 ಗುಂಟೆ. ಒಂದು ಇಂಚೂ ಹೆಚ್ಚಿಲ್ಲ, ಕಡಿಮೆಯಿಲ್ಲ!

ಇನ್ನೊಂದು ಸರಪಳಿಯ ಕತೆ ಕೇಳಿ. ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋದ 100 ಅಡಿಯ ಉಕ್ಕಿನ ಸರಪಳಿ ಅವನಿಗೆ ಬೇಡವಾಯಿತು. ಕಲ್ಕತ್ತಕ್ಕೆ ಬಂತು. ಕೊನೆಗೆ ಸರ್ವೆ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಕೈ ಸೇರಿ, 1800ರಲ್ಲಿ ಬೆಂಗಳೂರಿನ ಬಯಲಿನಲ್ಲಿ ನೆಲಕ್ಕಿಳಿಯಿತು! ಬಿಸಿಲಿಗೆ ಉಕ್ಕು ಹಿಗ್ಗುತ್ತದೆ ತಾನೇ? ಅದಕ್ಕೇ ಸರಪಳಿಯ ಜೊತೆಗೆ ಥರ್ಮಾಮೀಟರೂ ಬೇಕಾಗಿತ್ತು. ಸರಪಳಿ ಅಳೆದದ್ದು ಮೊದಲ ಗೆರೆಯನ್ನು ಮಾತ್ರ, ಮುಂದಿನದೆಲ್ಲ ತ್ರಿಕೋನಗಳ ಲೆಕ್ಕ. ಮದರಾಸಿನಿಂದ ಮಂಗಳೂರಿಗೆ ಹಳೆಯ ನಕ್ಷೆಗಳು ಹೇಳುತ್ತಿದ್ದದ್ದು ಸುಮಾರು 400 ಮೈಲಿ. ಲ್ಯಾಂಬ್ಟನ್ ಲೆಕ್ಕದಲ್ಲಿ ಬಂದದ್ದು 360! ಕೂತಲ್ಲೇ 40 ಮೈಲಿ ಮಾಯ!

1432ರಲ್ಲಿ ನಿಂತ ನಮ್ಮ ಕಾರ್ಕಳದ ಗೊಮ್ಮಟ 42 ಅಡಿ. ನಿಮ್ಮ ಮನೆಯ 5 ಮೀಟರ್ ಟೇಪು ಮೂರು ಸಲ ಹಿಡಿಯಬೇಕು!

ದೇಶದಲ್ಲಿ ಮೆಟ್ರಿಕ್ ಅಳತೆ ಶುರುವಾದದ್ದು 1958ರಲ್ಲಿ. ಬಟ್ಟೆ ಕೊಳ್ಳುವುದು ಮೀಟರಿನಲ್ಲಿ. ಆದರೆ ಅದೇ ಬಟ್ಟೆ ಟೈಲರ್ ಕೈಗೆ ಹೋದರೆ? ಇವತ್ತಿಗೂ ಇಂಚು!

ಎಲ್ಲಕ್ಕಿಂತ ಪುಟ್ಟ ಟೇಪು ಮಕ್ಕಳ ತೋಳಿನದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು ಬಣ್ಣ, ಅಂದರೆ ತೀವ್ರ ಅಪೌಷ್ಟಿಕತೆ. ತಕ್ಕಡಿಯೇ ಬೇಡ!

ಟೇಪು, ಮೊಳ ಎರಡಕ್ಕೂ ಸಿಗದ್ದೂ ಉಂಟು. ಬೆಂಗಳೂರಿನಲ್ಲಿ ಹೂವಿಗೆ ಮೊಳದ ಲೆಕ್ಕ. ಶಂಕರಪುರ ಮಲ್ಲಿಗೆಗೆ ಎಣಿಕೆಯದೇ ಲೆಕ್ಕ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆಯಲ್ಲಿ 3200 ಹೂ! ಎಣಿಸಿ ನೋಡುತ್ತೀರಾ?